ಅಡಿಪಾಯ ಅಗೆಯುವಾಗ ಹಳೆಯ ಕಾರ್ಖಾನೆಯ ಕಮಾನು, ಕಲ್ಲುಕಟ್ಟೆ ಸಿಕ್ಕಿವೆ. ಯಾರಿಗೂ ಹೇಳದೆ ಮುಚ್ಚಿಬಿಡಬಹುದೇ?

ಹಾಸನದ ಬಿ.ಎಂ. ರಸ್ತೆಯಲ್ಲಿ ತಾತನ ಕಾಲದ ಮಿಲ್ ಕೆಡವಿ ವಾಣಿಜ್ಯ ಸಂಕೀರ್ಣಕ್ಕೆ ಅಗೆಸುತ್ತಿದ್ದೀರಿ. ಆರಡಿ ಕೆಳಗೆ ಇಟ್ಟಿಗೆಯ ಕಮಾನು, ಸೈಜುಗಲ್ಲಿನ ಕಟ್ಟೆ, ಅದಕ್ಕೆ ಅಂಟಿಕೊಂಡಂತೆ ಉದ್ದವಾದ, ಕಿರಿದಾದ ‘ನೀರಿನ ತೊಟ್ಟಿ’ ಕಂಡಿವೆ ಎಂದು ಬರೆದಿದ್ದೀರಿ. ಆ ತೊಟ್ಟಿಯ ವಿಷಯ ಓದಿದಾಗಲೇ ನನ್ನ ಎದೆ ಧಸಕ್ಕೆಂದಿತು. ಅದು ನೀರಿನ ತೊಟ್ಟಿಯಲ್ಲ ಸ್ವಾಮಿ. ಎಂಜಿನ್ನಿನ ದೊಡ್ಡ ಚಕ್ರ, ಅಂದರೆ ಫ್ಲೈವೀಲ್, ಅರ್ಧ ನೆಲದೊಳಗೆ ಇಳಿದು ತಿರುಗುತ್ತಿದ್ದ ಗುಂಡಿ. ಪಕ್ಕದ ಕಲ್ಲುಕಟ್ಟೆಯ ಮೇಲೆ ಬೋಲ್ಟಿನ ತೂತುಗಳಿವೆಯೇ ನೋಡಿ. ಇದ್ದರೆ ಎಂಜಿನ್ ಕೂತಿದ್ದು ಅಲ್ಲೇ. ನಿಮ್ಮ ಕಮಾನು ಬಾಯ್ಲರಿನಿಂದ ಚಿಮಣಿಗೆ ಹೊಗೆ ಒಯ್ಯುತ್ತಿದ್ದ ಹೊಗೆ ಕಾಲುವೆಯ ಮೇಲ್ಭಾಗವಾಗಿರುವ ಸಾಧ್ಯತೆಯೇ ಹೆಚ್ಚು.

ನಮ್ಮದು ಚಿಕ್ಕಮಗಳೂರು. ಮಾರ್ಕೆಟ್ ರಸ್ತೆಯ ಹಿಂಬದಿಯಲ್ಲಿ ಅಪ್ಪನಿಗೆ ಬಂದ ಕಾಫಿ ಗೋದಾಮು ಇತ್ತು. ಅದಕ್ಕೂ ಮೊದಲು ಅದು ಕ್ಯೂರಿಂಗ್ ನಡೆಯುತ್ತಿದ್ದ ಜಾಗ. ತೋಟದಿಂದ ಬಂದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಮತ್ತು ಚೆರಿಯ (ಹಣ್ಣಾಗಿಯೇ ಒಣಗಿಸಿದ್ದು) ಹೊಟ್ಟು ಬಿಡಿಸಿ, ಜರಡಿಯಲ್ಲಿ ಗಾತ್ರ ನೋಡಿ ವಿಂಗಡಿಸಿ, ಕೊನೆಗೆ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದರು. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರರು ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಬೆಳೆ ಒಟ್ಟುಗೂಡಿಸಿ ಮಾರುವ ಸಂಗ್ರಹಕ್ಕೆ, ಒಪ್ಪಿಸಬೇಕಾಗಿತ್ತು. ಆ ದಶಕಗಳಲ್ಲಿ ಕ್ಯೂರಿಂಗ್ ಮಾಡುವವರಿಗೆ ಕೈತುಂಬ ಕೆಲಸ. 1996ರಲ್ಲಿ ಬೆಳೆಗಾರರಿಗೆ ಮಾರಾಟದ ಪೂರ್ಣ ಸ್ವಾತಂತ್ರ್ಯ ಸಿಕ್ಕಿತು. ನಮ್ಮ ಗೋದಾಮು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತ ಬಂತು. ಅಪ್ಪ ಹೋದ ಮೇಲೆ ಅದನ್ನು ಕೆಡವಿ ಅಂಗಡಿ ಮಳಿಗೆ ಕಟ್ಟಲು ಹೊರಟೆ.

ನಿಮಗೆ ಸಿಕ್ಕಿದ್ದೆಲ್ಲ ನನಗೂ ಸಿಕ್ಕಿತು. ಜೊತೆಗೆ ಮಣ್ಣಲ್ಲಿ ಹೂತ ಚಕ್ರವೂ ಇತ್ತು. ಗುಜರಿಯವರು ಎರಡೇ ದಿನದಲ್ಲಿ ಬಂದರು, ಗ್ಯಾಸ್ ಕಟರ್‌ನಿಂದ ಕೊಯ್ದು ಲಾರಿಗೆ ಹೇರಿದರು. ಅದರ ದುಃಖ ಬೇರೆ. ನಾನು ಮಾಡಿದ ನಿಜವಾದ ತಪ್ಪು ಆ ಹೊಗೆ ಕಾಲುವೆಯದು. ಅದನ್ನು ಬಿಡಿಸಿ ಹೇಳುತ್ತೇನೆ, ಬೇಸರಿಸದೆ ಓದಿ.

ಅಗೆತದ ಗುಂಡಿಯಲ್ಲಿ ಕಾಲುವೆಯ ಹನ್ನೆರಡು ಅಡಿ ಮಾತ್ರ ಕಾಣುತ್ತಿತ್ತು. ಒಳಗೆ ಮನುಷ್ಯ ತೆವಳಿಕೊಂಡು ಹೋಗುವಷ್ಟು ಜಾಗ. ಗುತ್ತಿಗೆದಾರ, “ಅಣ್ಣಾ, ಮಳೆ ಹಿಡಿಯುವುದಕ್ಕೆ ಮೊದಲು ನೆಲದ ಮಟ್ಟಕ್ಕೆ ಬರಬೇಕು, ಇದನ್ನು ಒಡೆದು ತುಂಬಿಬಿಡೋಣ” ಎಂದ. ಒಪ್ಪಿದೆ. ಜೆಸಿಬಿಯವನು ಕಮಾನನ್ನು ಒಡೆದು, ಕೆಡವಿದ ಗೋಡೆಯ ಚೂರುಗಳನ್ನೇ ಒಳಗೆ ತಳ್ಳಿ, ಮೇಲೆ ಮಣ್ಣು ಹಾಕಿ ದಮ್ಮಸು ಮಾಡಿದ. ಕಾಣುತ್ತಿದ್ದ ಹನ್ನೆರಡು ಅಡಿ ತುಂಬಿತು. ಆದರೆ ಕಾಲುವೆ ಆ ಹನ್ನೆರಡು ಅಡಿಗೇ ನಿಂತಿರಲಿಲ್ಲ. ರಸ್ತೆಯ ಕಡೆಗೂ ಹಿತ್ತಲಿನ ಕಡೆಗೂ ಟೊಳ್ಳಾಗಿಯೇ ಮುಂದುವರಿದಿತ್ತು. ನಡುವೆ ನಾವು ತುಂಬಿದ್ದು ಬಾಟಲಿಗೆ ಬಿರಡೆ ಹಾಕಿದ ಹಾಗೆ. ಹಿತ್ತಲ ಕಡೆ ಎತ್ತರ. ಜೂನ್, ಜುಲೈ ಮಳೆಯ ನೀರು ಆ ತುದಿಯಿಂದ ಇಳಿದು ಬಂದು ನಮ್ಮ ಬಿರಡೆಯ ಹಿಂದೆ ನಿಂತಿತು. ಇಟ್ಟಿಗೆ ಚೂರುಗಳ ಸಂದಿನಲ್ಲಿದ್ದ ನಯವಾದ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೊಳೆದುಕೊಂಡು ಆಚೆಗೆ ಹೋಯಿತು. ಸರಿಯಾಗಿ ಅದರ ಮೇಲೆ ನಮ್ಮ ಒಂದು ಪಿಲ್ಲರಿನ ಫುಟಿಂಗ್, ಅಂದರೆ ಅದರ ಅಡಿಪಾಯದ ಹಾಸು! ಫುಟಿಂಗಿನ ಅರ್ಧ ಭಾಗ ಹಳೆಯ ಎಂಜಿನ್ ಕಟ್ಟೆಯ ಕಲ್ಲಿನ ಮೇಲೆ, ಇನ್ನರ್ಧ ಈ ಚೂರುಗಳ ಮೇಲೆ. ಕಲ್ಲು ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ, ಚೂರು ಕುಸಿಯುತ್ತಲೇ ಹೋಗುತ್ತದೆ. ಇಡೀ ತಳ ಒಂದೇ ಸಮ ಕುಸಿದಿದ್ದರೆ ಕಟ್ಟಡ ಹೇಗೋ ತಡೆದುಕೊಳ್ಳುತ್ತಿತ್ತೇನೋ. ಒಂದು ಪಕ್ಕ ಗಟ್ಟಿ, ಇನ್ನೊಂದು ಪಕ್ಕ ಮೆತ್ತಗೆ ಇದ್ದಾಗ ಪಿಲ್ಲರು ವಾಲುತ್ತದೆ. ಆಗಸ್ಟಿನಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿತು. ದೀಪಾವಳಿಯ ಹೊತ್ತಿಗೆ ಆ ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ಮೇಲಿನ ಮಹಡಿಗೆ ಆಸರೆ ಕೊಟ್ಟು, ಚೂರನ್ನೆಲ್ಲ ಕೈಯಲ್ಲೇ ತೆಗೆಸಿ, ಕಾಲುವೆಯ ತಳದಿಂದ ಕಾಂಕ್ರೀಟ್ ತುಂಬಿಸಿದೆ. ಖರ್ಚು ಗುಜರಿಯಿಂದ ಬಂದ ಹಣದ ಎಷ್ಟೋ ಪಟ್ಟು. ಮೊದಲೇ ಒಂದು ವಾರ ಕೆಲಸ ನಿಲ್ಲಿಸಿ ಕಾಲುವೆಯ ಎರಡೂ ತುದಿ ಹುಡುಕಿದ್ದರೆ ಪಿಲ್ಲರನ್ನು ನಾಲ್ಕು ಅಡಿ ಸರಿಸಿದರೆ ಸಾಕಾಗುತ್ತಿತ್ತು.

ಎರಡನೆಯ ಸಲ ಅಗೆದಾಗಲೇ ನಾನು ಕಣ್ಣು ಬಿಟ್ಟು ನೋಡಿದ್ದು. ರಸ್ತೆಯ ಕಡೆಯ ತುದಿಯಲ್ಲಿ ಚಿಮಣಿಯ ದುಂಡನೆಯ ತಳ ಸಿಕ್ಕಿತು. ಉಳಿದಿದ್ದ ಕಬ್ಬಿಣದ ತುಂಡೊಂದರ ತುಕ್ಕು ಉಜ್ಜಿದಾಗ ‘ಅಬರ್ಡೀನ್’ ಎಂಬ ಎರಕದ ಇಂಗ್ಲಿಷ್ ಅಕ್ಷರಗಳು ಮೂಡಿದವು. ಸ್ಕಾಟ್ಲೆಂಡಿನ ಆ ಊರಿನ ವಿಲಿಯಂ ಮೆಕಿನ್ನನ್ ಕಂಪನಿ ಕಾಫಿ ಯಂತ್ರಗಳಿಗೆ ಹೆಸರಾಗಿತ್ತು. ನಮ್ಮ ಯಂತ್ರ ಅವರದೇ ಇರಬಹುದೇ ಎಂದು ತಿಳಿಯಲು ಬೇಕಾದ ಉಳಿದ ಭಾಗಗಳನ್ನೆಲ್ಲ ನಾನೇ ಲಾರಿ ಹತ್ತಿಸಿದ್ದೆ.

ಪಕ್ಕದ ಬೀದಿಯ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ನೋಡಲು ಬಂದರು. ಹುಡುಗಿಯಾಗಿದ್ದಾಗ ಅಲ್ಲೇ ಬೀಜ ಆರಿಸಿದವರು. “ನಮ್ಮ ಕಾಲಕ್ಕೆ ಮೋಟಾರು ಬಂದಿತ್ತಪ್ಪಾ. ನಮ್ಮವ್ವನ ಕಾಲದಲ್ಲಿ ಕಾಫಿ ಹೊಟ್ಟನ್ನೇ ಬಾಯ್ಲರಿಗೆ ಹಾಕಿ ಉರಿಸುತ್ತಿದ್ದರು” ಎಂದರು. ನೆಲಗಲ್ಲಿನ ಸಂದಿಯಿಂದ ಕೆಲಸದವರು ಹೆಕ್ಕಿಟ್ಟಿದ್ದ ಕರಿ ಹಿಡಿದ ಬೀಜಗಳನ್ನು ಅವರ ಅಂಗೈಗೆ ಹಾಕಿದೆ. ಕಣ್ಣು ಮಂಜಾಗಿದೆ, ಆದರೂ ಹೆಬ್ಬೆರಳಿನಿಂದ ಒಂದೊಂದನ್ನೇ ಹೊರಳಿಸಿ, ದುಂಡಗಿದ್ದ ಒಂದನ್ನು ಬೇರೆ ಮಾಡಿ, “ಇದು ಪೀಬೆರಿ, ಬೇರೆ ಚೀಲಕ್ಕೆ” ಎಂದರು. ನಾನು ಮಾತಾಡಲಾರದೆ ನಿಂತೆ.

ಹೇಳಿದರೆ ಸರ್ಕಾರ ಜಾಗ ಕಿತ್ತುಕೊಳ್ಳುತ್ತದೆ ಎಂಬ ನಿಮ್ಮ ಭಯವನ್ನು ನಾನು ಒಪ್ಪುವುದಿಲ್ಲ. ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಒಂದು ಜಾಗ ಸಂರಕ್ಷಿತವಾಗಬೇಕಾದರೆ ಅದಕ್ಕೆ ಕನಿಷ್ಠ 100 ವರ್ಷ ಆಗಿರಬೇಕು, ಸರ್ಕಾರ ಮೊದಲು ತಿಳಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಅಧಿಸೂಚನೆ ಹೊರಡಿಸಬೇಕು. ನೀವು ಕೊಟ್ಟ ಒಂದು ಪತ್ರದಿಂದ ಅದು ತಾನಾಗಿ ಆಗುವುದಿಲ್ಲ. ಮುಚ್ಚಿಡುವುದರಲ್ಲಿಯೇ ಅಪಾಯ ಹೆಚ್ಚು. ಕರ್ನಾಟಕದ್ದೇ ಆದ 1962ರ ನಿಧಿ ಕಾಯ್ದೆ ಇದೆ. ಅದರ ಪ್ರಕಾರ ನೆಲದಲ್ಲಿ ಹುದುಗಿದ್ದ, ಬೆಲೆಯುಳ್ಳ ಯಾವುದೇ ವಸ್ತು ‘ನಿಧಿ’. ಅಂಥದ್ದು ಸಿಕ್ಕಿದವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಹಳೆಯ ಯಂತ್ರ ಅದರಡಿ ಬರುತ್ತದೆಯೇ ಎಂದು ವಕೀಲರು ವಾದಿಸಿಕೊಳ್ಳಲಿ. ನೀವು ಜಿಲ್ಲಾಧಿಕಾರಿ ಕಚೇರಿಗೂ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಫೋಟೋ ಸಮೇತ ಪತ್ರ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಯಾವುದನ್ನೂ ಅಲುಗಿಸದೆ ತೆಗೆಯಿರಿ. ಬೋಲ್ಟಿನ ತೂತು, ಚಕ್ರದ ಗುಂಡಿ, ಕಾಲುವೆ ಮೂರರ ನಡುವಿನ ಅಂತರವನ್ನು ಒಂದು ಹಾಳೆಯ ಮೇಲೆ ಗುರುತಿಸಿ. ಯಂತ್ರ ಹೇಗೆ ನಿಂತಿತ್ತು ಎಂದು ಮುಂದೆ ಯಾರಾದರೂ ಹೇಳಬಲ್ಲರಾದರೆ ಅದು ಆ ಅಂತರಗಳಿಂದಲೇ. ಗುಜರಿಯವರಿಗೆ ಈಗ ಬರಬೇಡಿ ಎನ್ನಿ. ಸಂಕೀರ್ಣ ಕಟ್ಟಲೇಬೇಡಿ ಎನ್ನುತ್ತಿಲ್ಲ. ಎಂಜಿನ್ ಕಟ್ಟೆಯನ್ನು ನೆಲಮಾಳಿಗೆಯಲ್ಲಿ ಹಾಗೆಯೇ ಉಳಿಸಿಕೊಳ್ಳಲು ಆಗುತ್ತದೆಯೇ ಎಂದು ನಿಮ್ಮ ಎಂಜಿನಿಯರನ್ನು ಕೇಳಿ. ಒಂದು ಕಾರು ನಿಲ್ಲುವ ಜಾಗ ಹೋಗುತ್ತದೆ, ಹೋಗಲಿ.

ಎಲ್ಲಕ್ಕಿಂತ ಮೊದಲು ನಾಳೆ ಬೆಳಗ್ಗೆ ಟಾರ್ಚ್ ಹಿಡಿದು ಕಮಾನಿನ ಬಾಯಿಯಿಂದ ಇಣುಕಿ ನೋಡಿ. ಒಳಗೆ ಯಾರನ್ನೂ ಇಳಿಸಬೇಡಿ, ಗಾಳಿ ಕೆಟ್ಟಿರುತ್ತದೆ. ಇಟ್ಟಿಗೆ ಸುಟ್ಟು ಗಾಜಿನಂತೆ ಮಿರುಗುವ ಕಡೆ ಬಾಯ್ಲರ್ ಇತ್ತು, ಮೆತ್ತನೆಯ ಮಸಿ ಹಿಡಿದ ಕಡೆ ಚಿಮಣಿ. ಯಾವ ಕಡೆ ಯಾವುದು ಕಂಡಿತು, ನಿವೇಶನದ ಎತ್ತರದ ಭಾಗ ಯಾವುದು ಎಂದು ಇಲ್ಲಿಯೇ ಬರೆಯಿರಿ. ಪಿಲ್ಲರುಗಳ ಗುರುತು ಹಾಕುವ ಮೊದಲು ಬರೆಯಿರಿ. ಹಾಸನ ದೂರವೇನಲ್ಲ, ಬೇಕಾದರೆ ನಾನೇ ಬಂದು ನೋಡುತ್ತೇನೆ.