ದೀಕ್ಷಾಸ್ನಾನಕ್ಕೇ ಕಥೆ ಮುಗಿಸಿಬಿಟ್ಟಿರಲ್ಲ

ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಅಮೆರಿಕದ ಜೇನ್ ಮ್ಯಾನಿಂಗ್ ಬಗ್ಗೆ ನೀವು ಕಳಿಸಿದ ಕಥೆ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ವಸ್ತು ಗಟ್ಟಿಯಾಗಿದೆ ಅನ್ನುವ ಕಾರಣಕ್ಕೆ 'ವಿಷಾದಿಸುತ್ತೇವೆ' ಎಂದು ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಕಥೆಯಲ್ಲಿ ಕನೆಕ್ಟಿಕಟ್‌ನ ಕಪ್ಪು ಜನಾಂಗದ ಮನೆಗೆಲಸದ ಹುಡುಗಿ ಜೇನ್ ಮಾರ್ಮನ್ (ಜೋಸೆಫ್ ಸ್ಮಿತ್ ಅಮೆರಿಕದಲ್ಲಿ ಹುಟ್ಟುಹಾಕಿದ ಕ್ರೈಸ್ತ ಪಂಥ) ಪ್ರಚಾರಕನ ಮಾತು ಕೇಳುತ್ತಾಳೆ, ಆಕಾಶದಿಂದ ಬೆಳಕು ಸುರಿಯುತ್ತದೆ, ದೀಕ್ಷಾಸ್ನಾನವಾಗುತ್ತದೆ. ಮುಂದಿನ ಅರವತ್ತು ಚಿಲ್ಲರೆ ವರ್ಷ ಕೊನೆಯ ಪ್ಯಾರಾದಲ್ಲಿ, ಅದೂ 'ಪಾಪ, ಮೋಸಹೋದಳು' ಎಂಬ ತೀರ್ಪಿನ ಸಮೇತ. ಆ ಬೆಳಕು ಎಲ್ಲಿಂದ ತಂದಿರಿ? ಮುಪ್ಪಿನಲ್ಲಿ ಆಕೆ ಹೇಳಿ ಬರೆಸಿದ ಜೀವನಕಥನದಲ್ಲಂತೂ ಇಲ್ಲ. ಅಲ್ಲಿರುವಂತೆ ಆಕೆ ಆಗಲೇ ಊರಿನ ಚರ್ಚಿನ ಸದಸ್ಯೆ, ಆದರೂ ಮನಸ್ಸು ಇನ್ನೇನನ್ನೋ ಹುಡುಕುತ್ತಿತ್ತು. ಮಾರ್ಮನ್ನರ ಸಭೆಗೆ ಹೋಗಕೂಡದೆಂದು ಪಾದ್ರಿ ತಡೆದ. ಹೋದಳು. ಮುಂದಿನ ಭಾನುವಾರವೇ ದೀಕ್ಷೆ. ಮೂರು ವಾರ ಕಳೆದಿರಬೇಕು, ಮೊಣಕಾಲೂರಿ ಪ್ರಾರ್ಥಿಸುವಾಗ ಬಾಯಿಂದ ಅರಿಯದ ಭಾಷೆ ಹೊರಟು, ಪಕ್ಕದ ಕೋಣೆಯಲ್ಲಿದ್ದ ಮನೆಯವರೆಲ್ಲ ಬೆಚ್ಚಿಬಿದ್ದರು. ಆ ಬೆಚ್ಚಿದ ಮುಖಗಳನ್ನು ಬರೆಯಿರಿ.

'1843ರಲ್ಲಿ ಕುಟುಂಬದೊಂದಿಗೆ ನೌವೂ ಪಟ್ಟಣಕ್ಕೆ ಹೋದಳು' ಅಂತ, ಇಲಿನಾಯ್‌ನ ಆ ಮಾರ್ಮನ್ ಪಟ್ಟಣದ ಪ್ರಯಾಣಕ್ಕೆ ಒಂದೇ ಸಾಲಿದೆ. ಅಲ್ರೀ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಅವರನ್ನು ಹಡಗು ಹತ್ತಿಸಿಕೊಳ್ಳಲಿಲ್ಲ, ಅಲ್ಲಿಂದ ಸುಮಾರು 800 ಮೈಲಿ ನಡೆದರು! ಬೂಟು ಸವೆದು, ಪಾದ ಬಿರಿದು, ನೆಲದ ಮೇಲೆ ರಕ್ತದಲ್ಲಿ ಇಡೀ ಹೆಜ್ಜೆ ಮೂಡುತ್ತಿತ್ತಂತೆ. ನಿಂತು ಪ್ರಾರ್ಥಿಸಿದೆವು, ಕಾಲು ವಾಸಿಯಾಯಿತು ಎನ್ನುತ್ತಾಳೆ. ಇಲಿನಾಯ್‌ನ ಪಿಯೋರಿಯಾದಲ್ಲಿ ಗುಲಾಮರಲ್ಲವೆಂಬ ಬಿಡುಗಡೆಯ ಕಾಗದ ತೋರಿಸದಿದ್ದರೆ ಜೈಲು ಎಂದು ಗದರಿಸಿದರು. ನಾವು ಎಂದೂ ಗುಲಾಮರಾಗಿರಲಿಲ್ಲ, ಯಾವ ಕಾಗದ ಎಂದೇ ಮೊದಲಿಗೆ ತಿಳಿಯಲಿಲ್ಲ ಎನ್ನುತ್ತಾಳೆ.

ನೌವೂನಲ್ಲಿ ಜೋಸೆಫ್ ಸ್ಮಿತ್ ಮನೆಯಲ್ಲೇ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಒಂದು ದಿನ ಒಗೆಯುವ ರಾಶಿಯಲ್ಲಿ ಸ್ಮಿತ್‌ನ ಧಾರ್ಮಿಕ ವಿಧಿಯ ನಿಲುವಂಗಿಗಳು ಕಂಡವು. ಹಿಂದೆಂದೂ ನೋಡದ ಬಟ್ಟೆ. ಇದು ಏತಕ್ಕೆ ಎಂದು ಗಾಢವಾಗಿ ಯೋಚಿಸಿದಳು. ನಿಮ್ಮ ಕಥೆ ಇರುವುದು ಇಲ್ಲಿ. ಅದೇ ಜೇನ್ ಮುಂದೆ ಮಾರ್ಮನ್ನರು ವಲಸೆ ಹೋದ ಯೂಟಾದಲ್ಲಿ, ಅಂಥ ನಿಲುವಂಗಿ ತೊಟ್ಟು ಮಾಡುವ ಮಂದಿರದ ಉನ್ನತ ವಿಧಿಗಳು ತನಗೂ ಬೇಕೆಂದಾಗ, ಜನಾಂಗದ ಕಾರಣಕ್ಕೆ ಆಗದೆಂದರು. 1884ರಲ್ಲಿ ಚರ್ಚಿನ ಅಧ್ಯಕ್ಷ ಜಾನ್ ಟೇಲರ್‌ಗೆ ಪತ್ರ ಹೋಯಿತು: ಅಬ್ರಹಾಮನ ಸಂತತಿಯಿಂದ ಭೂಮಿಯ ಎಲ್ಲ ಜನಾಂಗಗಳಿಗೂ ಆಶೀರ್ವಾದವೆಂದು ದೇವರೇ ಮಾತು ಕೊಟ್ಟಿರುವಾಗ ನನಗೆ ಮಾತ್ರ ಇಲ್ಲವೇ? 1894ರಲ್ಲಿ ಮಂದಿರದ ವಿಧಿಯೊಂದರಿಂದ ಅವಳನ್ನು, ಎಂದೋ ತೀರಿಕೊಂಡಿದ್ದ ಸ್ಮಿತ್‌ಗೆ ಪರಲೋಕದಲ್ಲೂ ಶಾಶ್ವತ ಸೇವಕಿಯಾಗಿ ಜೋಡಿಸಿದರು. ಆ ವಿಧಿಗೂ ಅವಳನ್ನು ಮಂದಿರದೊಳಗೆ ಬಿಡಲಿಲ್ಲ, ಅವಳ ಬದಲಿಗೆ ಇನ್ನೊಬ್ಬಾಕೆ ನಿಂತಳು. ಜೇನ್ ಮತ್ತೂ ಕೇಳಿದಳು, ಕೇಳುತ್ತಲೇ 1908ರಲ್ಲಿ ತೀರಿಕೊಂಡಳು. ಆ ನಿರ್ಬಂಧ ಹೋಗಿದ್ದು 1978ರಲ್ಲಿ.

ಮೋಸಹೋದವಳು ಹೀಗೆ ದೇವರ ಮಾತನ್ನೇ ಹಿಡಿದು ಪಟ್ಟು ಹಾಕುತ್ತಾಳೆಯೇ? ಅವಳು ಚರ್ಚಿನ ಮೇಲೆ ಮುನಿದದ್ದು ನಂಬಿಕೆ ಬಿಟ್ಟಲ್ಲ, ನಂಬಿಕೆಯ ಬಲದಿಂದಲೇ. ನಿಮಗೆ ಆ ಧರ್ಮ ಒಪ್ಪಿಗೆಯಾಗಬೇಕಿಲ್ಲ (ನನಗೂ ಅದರ ಗೊಡವೆಯಿಲ್ಲ), ಆದರೆ ಅವಳ ಪರವಾಗಿ ನೀವು ಕನಿಕರಪಡುವುದು ಬೇಡ.

ಕೊನೆಯ ಪ್ಯಾರಾ ತೆಗೆಯಿರಿ. ಸ್ಮಿತ್ ಬಾಯಿಗೆ ತುರುಕಿದ ಎರಡು ಪುಟದ ಭಾಷಣವನ್ನೂ ಕಿತ್ತರೆ ಪಾದಯಾತ್ರೆಗೆ, ಬಟ್ಟೆ ರಾಶಿಗೆ ಧಾರಾಳ ಜಾಗ ಸಿಗುತ್ತದೆ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.