ಹಳೆ ಕುರ್ಚಿಗೆ ಹೊಸ ಬಟ್ಟೆ

ಪ್ರಶ್ನೆ: ಊಟದ ಮೇಜಿನ ಮರದ ಕುರ್ಚಿಗಳು ಗಟ್ಟಿಯಾಗಿವೆ, ಸೀಟಿನ ಬಟ್ಟೆ ಮಾತ್ರ ಹರಿದಿದೆ. ಒಂದಕ್ಕೆ ನಾನೇ ಹೊಸ ಬಟ್ಟೆ ಹಾಕಿದೆ. ಮೂಲೆಗಳಲ್ಲಿ ನೆರಿಗೆ ಬಿತ್ತು, ಗೆರೆಗಳೂ ಸೊಟ್ಟಗಾದವು. ಎಲ್ಲಿ ತಪ್ಪಿದೆ?

ಉತ್ತರ: ಬಹುಶಃ ಮೂಲೆಯಿಂದ ಸ್ಟೇಪಲ್ ಗನ್ನಿನ ಪಿನ್ ಹೊಡೆಯಲು ಶುರು ಮಾಡಿದ್ದೀರಿ. ಹಾಗೆ ಮಾಡಿದರೆ ಮಿಕ್ಕ ಬಟ್ಟೆಯೆಲ್ಲ ಎದುರಿನ ಮೂಲೆಗೆ ಹೋಗಿ ಗುಡ್ಡೆ ಬೀಳುತ್ತದೆ.

ಕುರ್ಚಿ ಮಗುಚಿ, ಸೀಟಿನ ಸ್ಕ್ರೂಗಳನ್ನು ಬಿಚ್ಚಿ ಹಲಗೆ ಹೊರತೆಗೆಯಿರಿ. ಹಲಗೆಗೂ ಕುರ್ಚಿಗೂ ಒಂದೇ ಸಂಖ್ಯೆ ಬರೆದಿಡಿ. ಒಂದರ ಹಲಗೆ ಇನ್ನೊಂದಕ್ಕೆ ಎಷ್ಟೋ ಸಲ ಕೂರುವುದಿಲ್ಲ. ಫೋಮನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಳಿ ಹಾಗೇ ಉಳಿದರೆ ಅಥವಾ ಪುಡಿ ಉದುರಿದರೆ ಬದಲಿಸಲೇಬೇಕು. 4–5 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಸಾಕು.

ಬಟ್ಟೆಯ ಲೆಕ್ಕ ಹೀಗೆ: ಹಲಗೆ 45 ಸೆಂ.ಮೀ. ಅಗಲ, ಫೋಮ್ 5, ಹಲಗೆಯ ದಪ್ಪ 1.5, ಕೆಳಗೆ ಮಡಚಲು 5. ಎರಡೂ ಬದಿ ಸೇರಿ 23 ಹೆಚ್ಚಿಗೆ, ಒಟ್ಟು 68. ಎಳೆದು ಹಿಡಿಯಲು 70 ಇಟ್ಟುಕೊಳ್ಳಿ.

ಹಲಗೆಯ ನಾಲ್ಕೂ ಬದಿಯ ನಡುವೆ ಪೆನ್ಸಿಲ್ ಗುರುತು ಹಾಕಿ, ಬಟ್ಟೆಯ ನಡುಗೆರೆಯನ್ನು ಅದಕ್ಕೆ ಹೊಂದಿಸಿ. ಮೊದಲ ಪಿನ್ ಮುಂದಿನ ಬದಿಯ ನಡುವೆ, ಎರಡನೆಯದು ಹಿಂದೆ, ಆಮೇಲೆ ಎಡ, ಬಲ. ಈಗ ಮೇಲೆ ತಿರುಗಿಸಿ ಗೆರೆ ನೇರವಿದೆಯೇ ನೋಡಿ. ಈ ಹಂತದಲ್ಲಿ ಕೀಳುವುದು ನಾಲ್ಕೇ ಪಿನ್. ಸರಿಯಿದ್ದರೆ ನಡುವಿನಿಂದ ಮೂಲೆಯತ್ತ, 2–3 ಸೆಂ.ಮೀ.ಗೊಂದರಂತೆ ಹೊಡೆಯುತ್ತ ಬಂದು ಮೂಲೆಗೆ 5 ಸೆಂ.ಮೀ. ಮುಂಚೆ ನಿಲ್ಲಿಸಿ. ಮೂಲೆಯ ತುದಿಯನ್ನು ಹಲಗೆಯ ನಡುವಿನತ್ತ ಎಳೆದು ಒಂದು ಪಿನ್ ಹಾಕಿ, ಮಿಕ್ಕಿದ್ದನ್ನು ಎರಡು ಬದಿಯಿಂದ ಮಡಚಿ. ಒಳಗೆ ದಪ್ಪವಾದ ಬಟ್ಟೆಯನ್ನು ಕತ್ತರಿಸಿ ತೆಗೆಯದಿದ್ದರೆ ಸೀಟು ಚೌಕಟ್ಟಿಗೆ ಇಳಿಯುವುದಿಲ್ಲ. ಸ್ಕ್ರೂ ತೂತುಗಳನ್ನು ಮುಚ್ಚಬೇಡಿ. 12 ಮಿ.ಮೀ. ಹಲಗೆಗೆ 8 ಮಿ.ಮೀ. ಪಿನ್ ಸಾಕು. ಉದ್ದದ್ದು ಫೋಮಿನೊಳಗೆ ತೂರಿ ಕೂತವರಿಗೆ ಚುಚ್ಚೀತು!

ಪ್ರಶ್ನೆ: ಮೆತ್ತನೆಯ ತೋಳುಕುರ್ಚಿಗೆ ಹೊಲಿಸಿದ ಗವಸು ಕೂತಾಗಲೆಲ್ಲ ಮೇಲೆದ್ದು ಬರುತ್ತದೆ. ಒಗೆದ ಮೇಲೆ ಬಿಗಿಯೂ ಆಗಿದೆ.

ಉತ್ತರ: ಬೆನ್ನು, ತೋಳುಗಳು ಸೀಟಿಗೆ ಸೇರುವ ಸಂದಿಗೆ ಬಟ್ಟೆ ಬಿಟ್ಟಿಲ್ಲ. ಅಲ್ಲಿ 10 ಸೆಂ.ಮೀ. ಹೆಚ್ಚುವರಿ ಬೇಕು. ಅದನ್ನು ಸಂದಿಗೆ ತುರುಕಿ, ಮೇಲೆ ಫೋಮಿನ ಕಡ್ಡಿ ಒತ್ತಿದರೆ ಏಳುವುದಿಲ್ಲ. ಈಗಿರುವ ಗವಸಿಗೂ ಅಲ್ಲಿ ಹೊಲಿಗೆ ಬಿಚ್ಚಿ ಪಟ್ಟಿ ಸೇರಿಸಬಹುದು. ಸಂದಿಯೊಳಗೆ ಹೋಗುವುದರಿಂದ ಬಣ್ಣ ಬೇರೆಯಾದರೂ ಕಾಣದು. ಬಿಗಿಗೆ ಕಾರಣ, ಹತ್ತಿ ಬಟ್ಟೆಯನ್ನು ಒಗೆಯದೆ ಕತ್ತರಿಸಿರುವುದು. ಹಿಂಬದಿಯ ಹೊಲಿಗೆ ಬಿಚ್ಚಿ ಲಾಡಿ ಇಡಿಸಿ; ಬೇಕಾದಷ್ಟು ಸಡಿಲ ಸಿಗುತ್ತದೆ.