ಗಿರಾಕಿ ಎಲ್ಲಿ ಎಂಬ ಪ್ರಶ್ನೆಗೆ

ಮಾನ್ಯರೇ,

ಗದಗ ಜಿಲ್ಲೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲದ್ದರಿಂದ ಓದುಗರಿಗಾಗಿ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರಿಗೆ ಆಧಾರ್ ಮತ್ತು ಪಡಿತರ ಚೀಟಿ ಸಿಗುವಲ್ಲಿರುವ ತೊಡಕುಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ನಿಮಗೆ ಅಸಮಾಧಾನ ತಂದಿದೆ. ದುಡ್ಡು ಕೊಟ್ಟು ಬರುವ ಗಂಡಸು ಇಡೀ ಲೇಖನದ ಒಂದು ಸಾಲಿನಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ ಎಂದಿದ್ದೀರಿ. ಲಾಡ್ಜುಗಳ ಮೇಲೆ ದಾಳಿಯಾದಾಗ ಪತ್ರಿಕೆಗಳಲ್ಲಿ ಬರುವ ಚಿತ್ರವನ್ನು ನೆನಪಿಸಿದ್ದೀರಿ: ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಠಾಣೆಯ ನೆಲದ ಮೇಲೆ ಸಾಲಾಗಿ ಕುಳಿತ ಹೆಣ್ಣುಮಕ್ಕಳು, ಅವರ ಹಿಂದೆ ನಿಂತ ಪೊಲೀಸರು. ಆ ಚಿತ್ರದಲ್ಲಿ ಗಿರಾಕಿ ಎಲ್ಲಿ ಎಂದು ಕೇಳಿದ್ದೀರಿ. ಸ್ವೀಡನ್ನಿನ ಹಾಗೆ ಕೊಳ್ಳುವವನನ್ನು ಶಿಕ್ಷಿಸುವ ಕಾನೂನು ಇಲ್ಲಿಯೂ ಬರಬೇಕೆಂದು ಸ್ತ್ರೀವಾದದ ಮಾತಾಡುವ ಪತ್ರಿಕೆಯೊಂದು ಏಕೆ ಒತ್ತಾಯಿಸುವುದಿಲ್ಲ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ‘ಲೈಂಗಿಕ ಕಾರ್ಯಕರ್ತೆ’ ಎಂಬ ಪದ ಗಾಯದ ಮೇಲೆ ಹೊದಿಸಿದ ಬಟ್ಟೆಯಲ್ಲವೇ ಎಂಬುದು ಇನ್ನೊಂದು.

ಲೇಖನದ ಬಗೆಗಿನ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಒಪ್ಪಲು ನನಗೆ ನನ್ನದೇ ಕಾರಣವೊಂದಿದೆ. ವರದಿಗಾರನಾಗಿ ಸೇರಿದ ಹೊಸತರಲ್ಲಿ, ಮೊಬೈಲ್ ಇನ್ನೂ ಬಾರದ ಕಾಲದಲ್ಲಿ, ಅಂಥದೊಂದು ದಾಳಿಯ ಸುದ್ದಿಯನ್ನು ನಾನೇ ಬರೆದಿದ್ದೆ. ಠಾಣೆಯಲ್ಲಿ ಕೊಟ್ಟ ಚೀಟಿಯಲ್ಲಿ ನಾಲ್ವರು ಹೆಂಗಸರ ಹೆಸರು, ವಯಸ್ಸು, ಊರು ಇದ್ದವು. ಗಂಡಸರ ವಿಷಯದಲ್ಲಿ ‘ಇತರ ಮೂವರು’ ಎಂದಷ್ಟೇ ಇತ್ತು. ಚೀಟಿಯಲ್ಲಿದ್ದುದನ್ನು ಇದ್ದಂತೆಯೇ ಬರೆದೆ. ಮೂರನೆಯ ದಿನ ಇಪ್ಪತ್ತು ತುಂಬದ ಹುಡುಗನೊಬ್ಬ ಆ ಪುಟವನ್ನು ಸಣ್ಣದಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಬಂದ. ಅವನು ಜಗಳವಾಡಲಿಲ್ಲ. ಮಡಿಕೆ ಬಿಚ್ಚಿ, ಎರಡನೆಯ ಹೆಸರಿನ ಮೇಲೆ ಬೆರಳಿಟ್ಟು, “ಈಕಿ ನಮ್ಮಕ್ಕ ರೀ. ನಮ್ಮೂರಾಗ ಪೇಪರ್ ಬರೋದು ಎರಡ ಮನಿಗೆ. ಎರಡೂ ಮನಿಯವರು ಓದ್ಯಾರ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಮೂರು ಮಂದಿ ಹೆಸರು ಯಾಕ ಬರೀಲಿಲ್ರಿ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮ ಪತ್ರದ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಆ ಹುಡುಗನ ಬಾಯಿಂದ.

ಈ ವಿಷಯದಲ್ಲಿ ಸ್ತ್ರೀವಾದಿಗಳ ಹೋರಾಟ ಶುರುವಾದದ್ದೂ ಇಂಥದೇ ಪ್ರಶ್ನೆಯಿಂದ. ಸೈನಿಕರನ್ನು ಗುಹ್ಯರೋಗಗಳಿಂದ ಕಾಪಾಡುವ ಹೆಸರಿನಲ್ಲಿ ಬ್ರಿಟನ್ನು 1864ರಿಂದ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಗಳು, ದಂಡಿನ ಊರುಗಳಲ್ಲಿ ವೇಶ್ಯೆಯೆಂದು ಅನುಮಾನ ಬಂದ ಹೆಣ್ಣನ್ನು ಬಲವಂತದ ದೇಹಪರೀಕ್ಷೆಗೆ ಒಳಪಡಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟವು. ಅದೇ ಕಾಯ್ದೆಗಳು ಸೈನಿಕನನ್ನು ಮುಟ್ಟಲಿಲ್ಲ. 1868ರಲ್ಲಿ ಅಂಥದೇ ಕಾಯ್ದೆ ಭಾರತಕ್ಕೂ ಬಂತು, ಮತ್ತು ರೋಗ ತಗುಲಿದ ಹೆಂಗಸರನ್ನು ಕೂಡಿಹಾಕುವ ಆಸ್ಪತ್ರೆ ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಇತ್ತು. ಇದರ ವಿರುದ್ಧ 1869ರಿಂದ ಹೋರಾಡಿದ ಜೋಸೆಫೀನ್ ಬಟ್ಲರ್ ಅವರು ಗಂಡಸಿಗೊಂದು ನೀತಿ, ಹೆಣ್ಣಿಗೊಂದು ನೀತಿ ಕೂಡದೆಂದು ವಾದಿಸಿದರು. ಅದರ ಜೊತೆಗೇ ಪೊಲೀಸರ ಕೈ ಹೆಣ್ಣಿನ ಮೈಮೇಲಿಂದ ತೊಲಗಬೇಕೆಂದೂ ವಾದಿಸಿದರು. ಬ್ರಿಟನ್ನಿನ ಕಾಯ್ದೆಗಳು 1886ರಲ್ಲಿ, ಭಾರತದ ಕಾಯ್ದೆ 1888ರಲ್ಲಿ ರದ್ದಾದವು. ಮುಂದೆ ಸ್ತ್ರೀವಾದಿಗಳು ಎರಡು ಕವಲಾದಾಗ, ಬಟ್ಲರ್ ಅವರು ಒಂದೇ ಉಸಿರಿನಲ್ಲಿ ಆಡಿದ ಈ ಎರಡು ಮಾತುಗಳನ್ನು ಒಂದೊಂದು ಕವಲು ಒಂದೊಂದಾಗಿ ಹಂಚಿಕೊಂಡಿತು ಎಂದು ನನಗೆ ಅನ್ನಿಸುತ್ತದೆ.

ನೀವು ನಿಂತಿರುವುದು ಮೊದಲನೆಯ ಕವಲಿನಲ್ಲಿ. ಅಮೆರಿಕದ ಆಂಡ್ರಿಯಾ ಡ್ವರ್ಕಿನ್, ಕ್ಯಾಥರೀನ್ ಮೆಕಿನನ್ ಮೊದಲಾದವರು ಹೇಳಿದ್ದೂ ಇದನ್ನೇ: ಹಸಿವಿನಿಂದಲೋ ಸಾಲದಿಂದಲೋ ಹುಟ್ಟಿದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು, ಕೊಳ್ಳುವವನು ಇಲ್ಲದಿದ್ದರೆ ಮಾರಾಟವೂ ಇಲ್ಲ, ಆದ್ದರಿಂದ ಕಾನೂನಿನ ದೃಷ್ಟಿ ಅವನ ಮೇಲೆ ಬೀಳಬೇಕು. 1999ರ ಜನವರಿ 1ರಂದು ಜಾರಿಗೆ ಬಂದ ಸ್ವೀಡನ್ನಿನ ಕಾನೂನು ಈ ವಾದದ ಫಲ. ಹೆಂಡತಿಯನ್ನು ಹೊಡೆಯುವುದನ್ನು ನೋಡಿದಂತೆಯೇ ಲೈಂಗಿಕತೆಯನ್ನು ಕೊಳ್ಳುವುದನ್ನೂ ಮಹಿಳೆಯರ ಮೇಲಿನ ಹಿಂಸೆಯೆಂದು ಅದು ನೋಡಿತು. ಎರಡೂ ಒಂದೇ ಸುಧಾರಣೆಯ ಭಾಗವಾಗಿ ಬಂದವು. ಬೀದಿಯ ವೇಶ್ಯಾವೃತ್ತಿ ಅರ್ಧಕ್ಕಿಳಿದಿದೆ ಎಂದು 2010ರ ಸರ್ಕಾರಿ ಪರಿಶೀಲನೆ ಹೇಳಿತು. ಅದು ಇಳಿದಿಲ್ಲ, ಅಂತರ್ಜಾಲಕ್ಕೆ ಹೋಗಿದೆ ಎಂದು ಟೀಕಾಕಾರರು ಹೇಳಿದರು. ನಾರ್ವೆ, ಐಸ್‌ಲ್ಯಾಂಡ್, ಕೆನಡಾ, ಫ್ರಾನ್ಸ್, ಐರ್ಲೆಂಡ್ ಇದೇ ದಾರಿ ಹಿಡಿದವು. ಫ್ರಾನ್ಸಿನ 2016ರ ಕಾನೂನಿನ ವಿರುದ್ಧ ಅಲ್ಲಿ ಈ ವೃತ್ತಿಯಲ್ಲಿರುವ 261 ಮಂದಿಯೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2024ರ ಜುಲೈನಲ್ಲಿ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು.

ಆದರೆ ಸ್ವೀಡನ್ನಿನ ಹೆಸರನ್ನು ಇಲ್ಲಿ ಎತ್ತುವಾಗ ಒಂದು ವಿಷಯ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ನಿಮ್ಮ ಪತ್ರದಲ್ಲಿಯೂ ಬಿಟ್ಟುಹೋಗಿದೆ. ಆ ಕಾನೂನಿನಲ್ಲಿ ಕೊಳ್ಳುವುದು ಅಪರಾಧ, ಮಾರುವುದು ಅಪರಾಧವಲ್ಲ. ನಮ್ಮಲ್ಲಿ ಇರುವುದು ಬಹುಮಟ್ಟಿಗೆ ಅದರ ತಲೆಕೆಳಗು. 1956ರ ಕಾಯ್ದೆ 1986ರ ತಿದ್ದುಪಡಿಯ ನಂತರ ಅನೈತಿಕ ವ್ಯವಹಾರ (ತಡೆ) ಕಾಯ್ದೆ ಎನಿಸಿಕೊಂಡಿತು. ವಯಸ್ಕ ಹೆಣ್ಣೊಬ್ಬಳು ಖಾಸಗಿಯಾಗಿ ಈ ವೃತ್ತಿ ಮಾಡುವುದನ್ನು ಅದು ಅಪರಾಧವೆನ್ನುವುದಿಲ್ಲ; ವೇಶ್ಯಾಗೃಹ ನಡೆಸುವುದು, ದಂಧೆಗೆ ತಳ್ಳುವುದು, ಅವಳ ಗಳಿಕೆಯಲ್ಲಿ ಬದುಕುವುದು ಅಪರಾಧ. ಆದರೆ ಎಂಟನೆಯ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದನ್ನು ಶಿಕ್ಷಿಸುತ್ತದೆ. ಮೊದಲ ಸಲ ಆರು ತಿಂಗಳವರೆಗೆ ಜೈಲು. ಅದೇ ಅಪರಾಧವನ್ನು ಗಂಡಸು ಮಾಡಿದ್ದರೆ ಏಳು ದಿನಕ್ಕೆ ಕಡಿಮೆಯಿಲ್ಲದಂತೆ, ಮೂರು ತಿಂಗಳಿಗೆ ಮೀರದಂತೆ. ಹೆಣ್ಣಾಗಿದ್ದರೆ, 10ಎ ಸೆಕ್ಷನ್ ಪ್ರಕಾರ ಜೈಲಿನ ಬದಲು ಎರಡರಿಂದ ಐದು ವರ್ಷ ‘ತಿದ್ದುವ ಸಂಸ್ಥೆ’ಯಲ್ಲಿ ಇರಿಸಬಹುದು. ಒಂದೇ ಬೀದಿ, ಒಂದೇ ಮಾತುಕತೆ. ಅವನಿಗೆ ಹೆಚ್ಚೆಂದರೆ ಮೂರು ತಿಂಗಳು, ಅವಳಿಗೆ ಐದು ವರ್ಷದವರೆಗೆ. ಇಪ್ಪತ್ತನೆಯ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರು ಅವಳನ್ನು ಆ ಪ್ರದೇಶದಿಂದಲೇ ಹೊರಹಾಕಬಹುದು. ಗಿರಾಕಿಯನ್ನು ಊರು ಬಿಡಿಸುವ ಸೆಕ್ಷನ್ ಇಲ್ಲ.

ದಾಳಿಯಲ್ಲಿ ಸಿಕ್ಕಿಬಿದ್ದ ಗಿರಾಕಿಯ ಮೇಲಿನ ಪ್ರಕರಣವನ್ನು, ಅವನ ಮೇಲೆ ಹಾಕಿದ ಈ ಕಾಯ್ದೆಯ ಸೆಕ್ಷನ್‌ಗಳು ಅವನಿಗೆ ಅನ್ವಯಿಸುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ ಹಲವು ಬಾರಿ ರದ್ದುಪಡಿಸಿದೆ. ಕೇರಳ ಹೈಕೋರ್ಟ್ 2025ರಲ್ಲಿ ಬೇರೆ ದಾರಿ ಹಿಡಿದು, ಮನುಷ್ಯಳು ಸರಕಲ್ಲವಾದ್ದರಿಂದ ಬಂದವನನ್ನು ಬರಿಯ ಗ್ರಾಹಕನೆನ್ನಲಾಗದು, ದಂಧೆಗೆ ತಳ್ಳುವುದನ್ನು ಶಿಕ್ಷಿಸುವ ಐದನೆಯ ಸೆಕ್ಷನ್ ಅಡಿ ಅವನ ಮೇಲೆ ಮೊಕದ್ದಮೆ ನಡೆಸಬಹುದು ಎಂದಿತು. ಆ ಮಾತು ನಿಮಗೆ ಹಿಡಿಸುತ್ತದೆ, ನನಗೂ ಹಿಡಿಸುತ್ತದೆ.

ಎರಡನೆಯ ಕವಲಿನವರ ಮಾತನ್ನೂ ಅಷ್ಟೇ ಸಾವಧಾನದಿಂದ ಕೇಳಬೇಕು, ಏಕೆಂದರೆ ಅದನ್ನು ಆಡುತ್ತಿರುವವರಲ್ಲಿ ನಮ್ಮವರೇ ಇದ್ದಾರೆ. ಸಾಂಗ್ಲಿಯ ವ್ಯಾಂಪ್ (ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್) ಸಂಘಟನೆಯ ಹೆಂಗಸರಲ್ಲಿ ಬೆಳಗಾವಿ, ಬಾಗಲಕೋಟೆಯ ಕಡೆಯಿಂದ ಹೋದ, ದೇವದಾಸಿ ಹಿನ್ನೆಲೆಯ ಕನ್ನಡತಿಯರು ಬಹಳ. ಮೈಸೂರಿನ ಆಶೋದಯ ಸಮಿತಿ ಈ ವೃತ್ತಿಯವರೇ ನಡೆಸುವ ಸಂಸ್ಥೆ. ಇಂಥ ಸಂಘಟನೆಗಳ ವಾದ ಗಿರಾಕಿಯ ಮೇಲಿನ ಮಮತೆಯಿಂದ ಹುಟ್ಟಿದ್ದಲ್ಲ, ದಿನದ ವ್ಯವಹಾರದಿಂದ ಹುಟ್ಟಿದ್ದು. ಸಿಕ್ಕಿಬೀಳುವ ಭಯವಿರುವ ಗಂಡಸು ಬೆಳಕಿರುವಲ್ಲಿ ನಿಲ್ಲುವುದಿಲ್ಲ, ಕತ್ತಲಿಗೆ, ಊರಾಚೆಗೆ ಕರೆಯುತ್ತಾನೆ. ಹೆಸರು, ನಂಬರು ಕೊಡುವುದಿಲ್ಲ. ಅವನು ಕುಡಿದಿದ್ದಾನೆಯೇ, ಕಾಂಡೋಮ್ ಬಳಸುತ್ತಾನೆಯೇ, ಹಿಂದೆ ಯಾರಿಗಾದರೂ ಹೊಡೆದಿದ್ದನೇ ಎಂದು ಅಳೆಯಲು ಅವಳಿಗಿದ್ದ ಹತ್ತು ನಿಮಿಷ ಹತ್ತು ಸೆಕೆಂಡಿಗೆ ಇಳಿಯುತ್ತದೆ. ಅಂಜದ ಗಿರಾಕಿ ಉಳಿಯುತ್ತಾನೆ, ಅವನೇ ಅಪಾಯಕಾರಿ. 2003ರಲ್ಲಿ ಸಂಸತ್ತಿನಲ್ಲಿ ಪರವಾಗಿ 60, ವಿರುದ್ಧವಾಗಿ 59 ಮತಗಳಿಂದ ಕಾನೂನು ಮಾಡಿ ಇಡೀ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆದ ನ್ಯೂಜಿಲೆಂಡ್ ಈ ಕವಲಿನವರ ಮಾದರಿ. ಅಲ್ಲಿಯೂ ತಾತ್ಕಾಲಿಕ ವೀಸಾದಲ್ಲಿ ಬಂದ ಹೆಣ್ಣಿಗೆ ಈ ರಕ್ಷಣೆಯಿಲ್ಲ, ಮತ್ತು ಎಲ್ಲಿಯೂ ಹೆಚ್ಚು ದುರ್ಬಲಳು ಅವಳೇ ಎಂಬುದನ್ನು ಅದನ್ನು ಹೊಗಳುವವರು ಮರೆಯಬಾರದು.

ಭಾರತದಲ್ಲಿ ಹೆಣ್ಣನ್ನು ಬಿಡುವ, ಗಂಡಸನ್ನು ಹಿಡಿಯುವ ಎರಡೂ ಅರ್ಧಗಳನ್ನು ಒಟ್ಟಿಗೆ ತರುವ ಪ್ರಯತ್ನ ಒಮ್ಮೆ ನಡೆದಿತ್ತು. 2006ರ ತಿದ್ದುಪಡಿ ಮಸೂದೆ ಎಂಟನೆಯ ಸೆಕ್ಷನ್ನನ್ನು ತೆಗೆದುಹಾಕಲು ಹೊರಟಿತ್ತು. ಮಾನವ ಸಾಗಾಣಿಕೆಗೊಳಗಾದವರನ್ನು, ಎಂದರೆ ಮೋಸದಿಂದಲೋ ಬಲವಂತದಿಂದಲೋ ದಂಧೆಗೆ ತರಲಾದವರನ್ನು, ಬಳಸಿಕೊಳ್ಳಲು ವೇಶ್ಯಾಗೃಹಕ್ಕೆ ಬಂದ ಗಂಡಸಿಗೆ ಶಿಕ್ಷೆಯನ್ನೂ ಸೇರಿಸಿತ್ತು. ಗಿರಾಕಿಯನ್ನು ಹಿಡಿಯುವ ಭಾಗವನ್ನು ವೃತ್ತಿನಿರತರ ಸಂಘಟನೆಗಳು ವಿರೋಧಿಸಿದವು. 2009ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು, ಎಂಟನೆಯ ಸೆಕ್ಷನ್ ಹಾಗೆಯೇ ಉಳಿಯಿತು. ಆ ನಷ್ಟ ಯಾರದೆಂದು ಹೇಳಬೇಕಿಲ್ಲ.

ಆಮೇಲೆ, 2013ರಲ್ಲಿ, ಹೆಚ್ಚು ಸದ್ದಿಲ್ಲದೆ ಒಂದು ಬದಲಾವಣೆ ಬಂತು. ಸಾಗಾಣಿಕೆಗೊಳಗಾದವಳೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಹೆಣ್ಣನ್ನು ಲೈಂಗಿಕವಾಗಿ ಬಳಸಿಕೊಳ್ಳುವುದನ್ನು ದಂಡಸಂಹಿತೆಯ 370ಎ ಸೆಕ್ಷನ್ ಅಪರಾಧವಾಗಿಸಿತು. ಈಗ ಭಾರತೀಯ ನ್ಯಾಯ ಸಂಹಿತೆಯ 144ನೆಯ ಸೆಕ್ಷನ್ನಿನಲ್ಲಿ ಅದಕ್ಕೆ ಮೂರರಿಂದ ಏಳು ವರ್ಷ, ಅವಳು ಮಗುವಾಗಿದ್ದರೆ ಐದರಿಂದ ಹತ್ತು ವರ್ಷ ಶಿಕ್ಷೆಯಿದೆ. ಎಂದರೆ, ನೀವು ಕೇಳುತ್ತಿರುವ ಕಾನೂನಿನ ಅತಿ ಮುಖ್ಯ ಭಾಗ ಆಗಲೇ ನಮ್ಮಲ್ಲಿದೆ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ ಕೋಣೆಗೆ, ಭಾಷೆ ಬಾರದ, ಕಣ್ಣೆತ್ತಿ ನೋಡದ ಹುಡುಗಿಯ ಬಳಿಗೆ ಹೋದ ಗಂಡಸು “ನನಗೇನೂ ಗೊತ್ತಿರಲಿಲ್ಲ” ಎನ್ನಲಾರ. ಅವನ ಮೇಲೆ ಈ ಸೆಕ್ಷನ್ ಹಾಕಬೇಕು, ಅವನು ಸಾಕ್ಷಿದಾರನ ಪಟ್ಟಿಗೆ ಸೇರಿ ಮನೆಗೆ ಹೋಗಕೂಡದು. ಇಷ್ಟರಲ್ಲಿ ನಿಮಗೂ ನನಗೂ ಭೇದವಿಲ್ಲ.

ಭೇದವಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎಲ್ಲ ಗಿರಾಕಿಗಳನ್ನೂ ಅಪರಾಧಿಗಳಾಗಿಸುವ ಕಾನೂನನ್ನು, ಎಂಟನೆಯ ಸೆಕ್ಷನ್, 10ಎ, ಇಪ್ಪತ್ತು ಇವೆಲ್ಲ ಇದ್ದ ಹಾಗೆಯೇ ಇರುವಾಗ ತಂದರೆ, ಅದನ್ನು ಜಾರಿ ಮಾಡುವುದು ಹುಡುಗನ ಅಕ್ಕನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟ ಅದೇ ಠಾಣೆ. ಗಿರಾಕಿ ಮಾಮೂಲು ಕೊಟ್ಟು ಹೊರಗೆ ಹೋಗುತ್ತಾನೆ. ಕೊಡಲಾಗದವಳು ಒಳಗೆ ಉಳಿಯುತ್ತಾಳೆ. ಸ್ವೀಡನ್ನಿನ ಅರ್ಧ ಕಾನೂನು ನಮಗೆ ಬೇಡ. ಮೊದಲು ಅವಳ ಮೇಲಿನ ಸೆಕ್ಷನ್‌ಗಳು ಹೋಗಲಿ. ಬಿಡಬೇಕೆನ್ನುವವಳಿಗೆ ಮನೆ, ಮಕ್ಕಳ ಶಾಲೆ, ತಿಂಗಳ ಸಂಬಳ ಸಿಗುವಂತಾಗಲಿ. ಆಮೇಲೆ ನಾವಿಬ್ಬರೂ ಈ ಚರ್ಚೆಯನ್ನು ಮತ್ತೆ ಮಾಡೋಣ, ನಾನು ನಿಮ್ಮ ಕಡೆಗೆ ಬಂದರೂ ಬರಬಹುದು.

ಕಾನೂನಿನ ಕಣ್ಣಿಗೆ ಗಂಡಸು ಬೀಳದಿರುವುದಕ್ಕೆ ನಮ್ಮ ರಾಜ್ಯದ ಉದಾಹರಣೆಯೊಂದನ್ನು ಹೇಳದೆ ಮುಂದೆ ಹೋಗಲಾರೆ. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಮುತ್ತು ಕಟ್ಟುವ ವಿಧಿಯನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಶಿಕ್ಷೆ ಹೇಳಿತು. ಹುಡುಗಿಯ ತಂದೆತಾಯಿ, ಪೋಷಕರು, ಸಂಬಂಧಿಕರಾದರೆ ಎರಡರಿಂದ ಐದು ವರ್ಷ. ಸವದತ್ತಿಯ ಗುಡ್ಡಕ್ಕೆ ಮಗಳನ್ನು ಕರೆದೊಯ್ದ ಬಡ ತಾಯಿಗೆ ಹೆಚ್ಚಿನ ಶಿಕ್ಷೆ. ಮುತ್ತು ಕಟ್ಟಿದ ಮೇಲೆ ಸೀರೆ, ಒಡವೆ, ದುಡ್ಡು ಕೊಟ್ಟು ಮೊದಲ ರಾತ್ರಿಗೆ ಬರುವ ಊರ ಗಣ್ಯ ಆ ಸೆಕ್ಷನ್ನಿನಲ್ಲಿ ಇರಲೇ ಇಲ್ಲ.

ಇನ್ನು ‘ಲೈಂಗಿಕ ಕಾರ್ಯಕರ್ತೆ’ ಎಂಬ ಪದದ ವಿಷಯ. ಅಮೆರಿಕದಲ್ಲಿ ಕೆರೋಲ್ ಲೀ ಎಂಬ, ಸ್ವತಃ ಈ ವೃತ್ತಿಯಲ್ಲಿದ್ದ ಹೋರಾಟಗಾರ್ತಿ 1970ರ ದಶಕದ ಕೊನೆಯಲ್ಲಿ ಚಲಾವಣೆಗೆ ತಂದ ಮಾತಿನ ಅನುವಾದ ಅದು. ಆ ಪದ ಬಲವಂತವನ್ನು ಮರೆಮಾಚಬಲ್ಲದು ಎಂಬ ನಿಮ್ಮ ಆತಂಕ ನಿಜವಾದದ್ದು, ಮತ್ತು ಹದಿನೈದರ ಹುಡುಗಿಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಎಂದೂ ಬಳಸುವುದಿಲ್ಲ. ಆದರೆ ಕನ್ನಡದಲ್ಲಿ ಬೇರೆ ಯಾವ ಪದವಿದೆ ನೋಡಿ. ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯ ಹೆಸರಿನಲ್ಲಿಯೇ ಇರುವ ಪದ ಇಂದು ಬೈಗುಳ. ಆಕೆಯ ಹೆಸರಿನಲ್ಲಿ ಉಳಿದಿರುವುದು ಒಂದೇ ವಚನ, ಅದರಲ್ಲಿ ಮೈಮೇಲೆ ಶಿಕ್ಷೆಯಾಗುವ ಭಯವಿರುವುದು ಒತ್ತೆಯನ್ನು, ಎಂದರೆ ಗಂಡಸು ಕೊಟ್ಟ ಹಣವನ್ನು, ಹಿಡಿದವಳಿಗೆ. ಕೊಟ್ಟವನಿಗಾದರೋ ನಮ್ಮ ಭಾಷೆ ‘ಗಿರಾಕಿ’ ಎಂಬ ಹೆಸರಿಟ್ಟಿದೆ. ಅಂಗಡಿಗೆ ಬಂದು ಅಚ್ಚು ಬೆಲ್ಲ ಕೊಳ್ಳುವವನಿಗೂ ಅದೇ ಹೆಸರು. ಅವಳು ತಾನೇ ಆರಿಸಿಕೊಂಡ ಹೆಸರಿನಿಂದ ಅವಳನ್ನು ಕರೆಯುವುದನ್ನು ನಾನು ಬಿಡಲಾರೆ.

ದಾಳಿಯ ಚಿತ್ರಗಳ ಬಗ್ಗೆ: ಇಂಥ ಮಹಿಳೆಯರ ಗುರುತು ಹೊರಬೀಳದಂತೆ ಮಾಧ್ಯಮಗಳಿಗೆ ಮಾರ್ಗಸೂಚಿ ಇರಬೇಕೆಂದು 2022ರ ಮೇ 19ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಖ ಮುಚ್ಚಿದ ಚಿತ್ರವನ್ನೂ ನಾವು ಇನ್ನು ಪ್ರಕಟಿಸುವುದಿಲ್ಲ. ನಿಮ್ಮ ಪ್ರಶ್ನೆಯನ್ನು ಸಂಬಂಧಪಟ್ಟವರಿಗೇ ಕೇಳಲು, 370ಎ ಮತ್ತು 144ನೆಯ ಸೆಕ್ಷನ್‌ಗಳಡಿ ಎಷ್ಟು ಗಂಡಸರ ಮೇಲೆ ಪ್ರಕರಣ ದಾಖಲಾಗಿದೆ, ಅದೇ ಅವಧಿಯಲ್ಲಿ ಎಂಟನೆಯ ಸೆಕ್ಷನ್ ಅಡಿ ಎಷ್ಟು ಹೆಂಗಸರ ಮೇಲೆ ದಾಖಲಾಗಿದೆ ಎಂದು ಎಲ್ಲ ಜಿಲ್ಲೆಗಳ ಪೊಲೀಸ್ ಕಚೇರಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಿದ್ದೇವೆ. ಗದಗ ಜಿಲ್ಲೆಯ ಅರ್ಜಿಯನ್ನು ತುಂಬಿಸಿ ಈ ಪತ್ರದೊಂದಿಗೆ ಕಳುಹಿಸಿದ್ದೇನೆ. ಒಪ್ಪಿಗೆಯಾದರೆ ಕೆಳಗೆ ನೀವು ಸಹಿ ಹಾಕಿ.

ಸಂಪಾದಕ